ಆಟದಕ್ಕ ಕೊಟ್ಟ ಮಾತು

ಮಕ್ಕಳ ಹೇಳಿಕೆ ಪಡೆಯುವ ಆ ಕೇಂದ್ರಕ್ಕೆ ಬರುವ ಮಕ್ಕಳೆಲ್ಲ ಅವಳನ್ನು ಆಟದಕ್ಕ ಎಂದೇ ಕರೆಯುತ್ತಿದ್ದರು. ಮೊದಲು ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುತ್ತಿದ್ದವಳು. ಹನ್ನೊಂದು ವರ್ಷಗಳಿಂದ ಅವಳ ಕೆಲಸ, ದೊಡ್ಡವರ ಕೈಯಲ್ಲಿ ನೊಂದ ಮಗುವನ್ನು ಒಳಕೋಣೆಗೆ ಕರೆಯುವವರೆಗೆ ಆಡಿಸುತ್ತ ಕೂರುವುದು. ಒಳಗೆ ಪ್ರಶ್ನೆ ಕೇಳುವವರು ಮೇಡಂ ಒಬ್ಬರೇ. ಪೊಲೀಸರು, ವಕೀಲರು ಪಕ್ಕದ ಕೋಣೆಯಲ್ಲಿ ಪರದೆಯ ಮೇಲೆ ನೋಡುತ್ತಾರೆ. ಹತ್ತು ಕಡೆ ಹತ್ತು ಸಲ ಹೇಳಿ ಮಗು ಬೇಯಬಾರದೆಂದು ಈ ಏರ್ಪಾಡು. ಹೊರಕೋಣೆಗೆ ಎರಡೇ ಕಟ್ಟಳೆ: ನಡೆದದ್ದನ್ನು ಕೇಳಬಾರದು, ಮುಂದಿನದಕ್ಕೆ ಮಾತು ಕೊಡಬಾರದು.

ಅಂದು ಟೀಚರ್ ಜೊತೆ ಬಂದ ಹುಡುಗಿಗೆ ಏಳು ವರ್ಷ. ಮಲತಂದೆಯ ವಿಷಯ ಟೀಚರ್ ಕಿವಿಯಲ್ಲಿ ಅರ್ಧ ಹೇಳಿದ್ದಳು. ಉಳಿದರ್ಧ ಒಳಗೆ ಹೇಳಿದರೆ ಮಾತ್ರ ಅವನನ್ನು ಮನೆಯಿಂದ ದೂರವಿಡಬಹುದಿತ್ತು.

"ಈ ಗೊಂಬೆಗೆ ಕೂದಲೇ ಇಲ್ವಲ್ಲ?" ಹುಡುಗಿ ಕೇಳಿದಳು.

"ಬಾಚ್ಕೊಳ್ಳೋಕೆ ಸೋಮಾರಿತನ ಅದಕ್ಕೆ."

"ನಿಮಗೂ ಸ್ವಲ್ಪ ಸೋಮಾರಿತನ ಶುರುವಾಗಿದೆ, ಅಕ್ಕ."

ಆಟದಕ್ಕ ನೆತ್ತಿ ಮುಟ್ಟಿಕೊಂಡು ಬಿದ್ದುಬಿದ್ದು ನಕ್ಕಳು. ಹುಡುಗಿಯೂ ನಕ್ಕಳು. ನಗು ಮುಗಿಯುವ ಮೊದಲೇ ಕೇಳಿದಳು, "ನಾನು ಹೇಳಿದ್ರೆ ಅಮ್ಮ ಅಳ್ತಾಳಾ?"

'ಮೇಡಂನ ಕೇಳು ಪುಟ್ಟಿ' ಎನ್ನಬೇಕಿತ್ತು. ಆಟದಕ್ಕ ಅವಳ ತಲೆ ಸವರಿದಳು. "ಇಲ್ಲ ಕಣೇ, ಅಳಲ್ಲ."

"ಆಣೆ?"

"ಆಣೆ."

ಕರೆ ಬಂತು. ಕೈ ಹಿಡಿದು ಹೊರಟರೆ, ಗಾಜಿನ ಬಾಗಿಲಾಚೆ ಅಮ್ಮ! ಕೆಲಸದ ಏಪ್ರನ್‌ನಲ್ಲೇ ಓಡಿಬಂದವಳು ಕುರ್ಚಿಯಲ್ಲಿ ಕುಸಿದು ಬಿಕ್ಕುತ್ತಿದ್ದಳು. "ಒಂದು ಮನೆ ಒಡೆಯೋಕೆ ಇಷ್ಟು ಜನ ಬೇಕಾ?"

ಹುಡುಗಿ ನಿಂತಳು. ಆಟದಕ್ಕನ ಮುಖವನ್ನೇ ನೋಡಿದಳು. ಮೆಲ್ಲಗೆ ಕೈ ಬಿಡಿಸಿಕೊಂಡು ಒಬ್ಬಳೇ ಒಳಕೋಣೆಗೆ ಹೋದಳು.

ನಲವತ್ತು ನಿಮಿಷದ ಮೇಲೆ ಮೇಡಂ ಹೊರಬಂದರು. "ಏನೂ ಆಗಿಲ್ವಂತೆ. ಟೀಚರ್ ಹತ್ರ ಸುಳ್ಳು ಹೇಳಿದ್ಲಂತೆ."

ಆಟದಕ್ಕ ತಾನು ಆಣೆ ಇಟ್ಟದ್ದನ್ನು ಏನೂ ಮುಚ್ಚಿಡದೆ ಹೇಳಿದಳು. "ನಂದೇ ತಪ್ಪು ಮೇಡಂ, ಬರ್ಕೊಳ್ಳಿ. ಇನ್ನೊಂದ್ಸಲ ಕರೀಬಹುದಲ್ವಾ?"

"ಕರೀಬಹುದು. ಆದ್ರೆ ಇವತ್ತು 'ಸುಳ್ಳು' ಅಂದಿದ್ದೂ ರೆಕಾರ್ಡ್ ಆಗಿದೆ. ಅವನ ವಕೀಲರಿಗೆ ಅಷ್ಟು ಸಾಕು." ಮೇಡಂ ಗದರಲೂ ಇಲ್ಲ.

ಹುಡುಗಿಯನ್ನು ಮನೆಗೆ ಹೋಗದಂತೆ ತಡೆದು ನಿಲ್ಲಿಸಲು ಯಾರ ಕೈಯಲ್ಲೂ ಆದೇಶದ ಕಾಗದವಿರಲಿಲ್ಲ. ಮೆಟ್ಟಿಲ ಕೆಳಗೆ ಮಲತಂದೆ ಕಾರಿನ ಬಾಗಿಲು ತೆರೆದು ನಿಂತಿದ್ದ. ಹುಡುಗಿ ಅವನತ್ತ ನೋಡಲಿಲ್ಲ, ಆಟದಕ್ಕನತ್ತಲೂ ನೋಡಲಿಲ್ಲ. ತುದಿಗಾಲಲ್ಲಿ ನಿಂತು ಅಮ್ಮನ ಕೆನ್ನೆ ಒರೆಸಿದಳು.

"ಆಯ್ತಲ್ಲಮ್ಮ, ಅಳ್ಬೇಡ," ಎಂದು ಕಾರು ಹತ್ತಿದಳು.