ಬಲ್ಬಿನ ಬೀರುವಿನಲ್ಲಿ ಮೂವತ್ತೊಂದು ವರ್ಷದ ಮಳೆ

ನಾನು ಇಪ್ಪತ್ತೆಂಟು ವರ್ಷ ಮೂಡಿಗೆರೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸಿದವಳು. ಇದನ್ನು ಮೊದಲೇ ಹೇಳಿಬಿಡುವುದು ಮೇಲು. ನಾನು ಮಾಡಿದ ಘನಕಾರ್ಯವನ್ನು ಓದಿದ ಮೇಲೆ ಹೇಳಿದರೆ ನೀವು ಖಂಡಿತ ನಂಬುವುದಿಲ್ಲ. ಉಷ್ಣದ ಪಾಠವನ್ನು ಇಪ್ಪತ್ತೆಂಟು ಸಲ ಮಾಡಿದ್ದೇನೆ. ಬಿಸಿ ತಾಗಿದರೆ ವಸ್ತು ಹಿಗ್ಗುತ್ತದೆ, ಬಾಗುತ್ತದೆ, ಕರಗುತ್ತದೆ ಎಂದು ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದು, ಪರೀಕ್ಷೆಯಲ್ಲಿ ತಪ್ಪು ಬರೆದವರನ್ನು ಬೈದೂ ಇದ್ದೇನೆ.

ನಿವೃತ್ತಿಯಾದ ಮೇಲೆ ಜಾವಳಿಯ ನಮ್ಮ ತೋಟದ ಮನೆಯಲ್ಲಿ ಇರುವವರು ನಾನು ಮತ್ತು ಅಪ್ಪ. ನನ್ನ ಲ್ಯಾಪ್‌ಟಾಪಿಗೂ ನಿವೃತ್ತಿಯ ವಯಸ್ಸು. ಮಾತಿನ ಮಧ್ಯೆ ಮರೆತು ನಿಲ್ಲುವವರ ಹಾಗೆ ಅದು ಕೆಲಸದ ಮಧ್ಯೆ ಆರಿಹೋಗುತ್ತಿತ್ತು. ಮೂಡಿಗೆರೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿ, ಈಗ ಎರಡು ಮಕ್ಕಳ ತಂದೆ, ಅದನ್ನು ನೋಡಿ ತಲೆಯಾಡಿಸಿದ. ಇದರೊಳಗೆ ಇರುವುದನ್ನೆಲ್ಲ ಒಂದು ಹೊರಗಿನ ಹಾರ್ಡ್‌ಡಿಸ್ಕಿಗೆ ಹಾಕಿಕೊಳ್ಳಿ ಮೇಡಂ, ಇವತ್ತೋ ನಾಳೆಯೋ ಇದು ಕೈಕೊಡುತ್ತದೆ ಎಂದ.

ಡಿಸ್ಕ್ ಆರಿಸುವುದು ಸೀರೆ ಆರಿಸುವುದಕ್ಕಿಂತ ಕಷ್ಟ ಎಂದು ಆಗ ಗೊತ್ತಾಯಿತು. ಎರಡು ಜಾತಿ ಇವೆಯಂತೆ. ಒಂದರಲ್ಲಿ ತಟ್ಟೆ ತಿರುಗುತ್ತದೆ, ಅದರ ಮೇಲೆ ಸೂಜಿಯಂಥದೊಂದು ಓಡಾಡುತ್ತದೆ. ಇನ್ನೊಂದರಲ್ಲಿ ಅಲುಗಾಡುವುದು ಏನೂ ಇಲ್ಲ. ಎರಡನೆಯದೇ ಗಟ್ಟಿ, ಬಿದ್ದರೂ ತಡೆಯುತ್ತದೆ ಎಂದು ಅವನು ಹೇಳಿದ. ನಾನು ಮೊದಲನೆಯದನ್ನೇ ಹಿಡಿದುಕೊಂಡೆ. ನಾವು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಸದ್ದು ಕೇಳಿ ಹಣ್ಣು ಸರಿಯಾಗಿ ಬೀಳುತ್ತಿದೆಯೋ ಇಲ್ಲವೋ ಎಂದು ಅಡುಗೆಮನೆಯಲ್ಲಿ ಕೂತೇ ಹೇಳುವ ಜನ. ಸದ್ದು ಮಾಡದ ಯಂತ್ರ ಕೆಲಸ ಮಾಡುತ್ತಿದೆ ಎಂದು ನಂಬುವುದು ಹೇಗೆ? ಎಷ್ಟು ದೊಡ್ಡದು ಬೇಕು ಎಂದು ಕೇಳಿದ. ದೊಡ್ಡದೇ ಕೊಡು ಎಂದೆ. ಕಾಫಿ ಸೀಮೆಯಲ್ಲಿ ಬೆಳೆ ತುಂಬಿಡಲು ಚಿಕ್ಕ ಸ್ಟೋರು ಕಟ್ಟಿ ಸುಖಪಟ್ಟವರನ್ನು ನಾನು ಕಂಡಿಲ್ಲ. ಅವನು ಕೊಟ್ಟದ್ದು ಸೋಪಿನಷ್ಟು ದೊಡ್ಡದಿತ್ತು. ಇದರಲ್ಲಿ ನೀವು ಇನ್ನೂ ನಾಲ್ಕು ಜನ್ಮ ಫೋಟೋ ತೆಗೆದರೂ ಜಾಗ ಉಳಿಯುತ್ತದೆ ಎಂದಾಗ ನನಗೆ ಮೊದಲನೆಯ ಆಘಾತ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನು ಕೈಯಲ್ಲೇ ಹಿಡಿದುಕೊಂಡು ಬಂದೆ.

ಅದರೊಳಗೆ ಹೋಗಬೇಕಾದದ್ದರಲ್ಲಿ ಮುಖ್ಯವಾದದ್ದು ಒಂದೇ. ಅಪ್ಪನ ಮಳೆ.

ನಮ್ಮ ಕಡೆ ತೋಟವಿರುವ ಮನೆಗಳಲ್ಲಿ ಮಳೆ ಅಳೆಯುವುದು ಹಲ್ಲುಜ್ಜಿದಷ್ಟೇ ನಿತ್ಯದ ಕೆಲಸ. ಅದೂ ಇಂಚು, ಸೆಂಟುಗಳಲ್ಲಿ. ನೂರು ಸೆಂಟಿಗೆ ಒಂದು ಇಂಚು. ಶಾಲೆಯಲ್ಲಿ ನಾನು ಮಿಲಿಮೀಟರ್ ಕಲಿಸಿ ಬಂದರೂ ಮನೆಯಲ್ಲಿ ಅದನ್ನು ಯಾರೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಅಪ್ಪ ಮೂವತ್ತೊಂದು ವರ್ಷದ ಹಿಂದೆ ಅಂಗಳದಾಚೆ ಮಳೆಮಾಪಕ ನೆಟ್ಟರು. ಅಂದಿನಿಂದ ದಿನಾ ಬೆಳಿಗ್ಗೆ ಎಂಟಕ್ಕೆ ಅಳತೆ. ಗಾಜಿನ ಕೊಳವೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಉಸಿರು ಬಿಗಿಹಿಡಿದು ಓದುತ್ತಿದ್ದರು. ಒಂದು ಹನಿ ಆಚೆ ಚೆಲ್ಲಿದರೆ ಪುಸ್ತಕದಲ್ಲಿ ‘ಚೆಲ್ಲಿತು’ ಎಂದೇ ಬರೆಯುತ್ತಿದ್ದರು. ಸತ್ಯ ಎಂದರೇನು ಎಂದು ನಾನು ಕಲಿತದ್ದು ಆ ಕೊಳವೆಯ ಪಕ್ಕದಲ್ಲಿ ನಿಂತು.

ಈಗ ಅಪ್ಪನಿಗೆ ಎಂಬತ್ತೇಳು. ನಾಲ್ಕು ವರ್ಷದಿಂದ ಕಣ್ಣು ಕಾಣುವುದಿಲ್ಲ. ಅಳೆಯುವವಳು ನಾನಾದೆ. ಬೂಸ್ಟು ಹಿಡಿದು ಪುಡಿಯಾಗುತ್ತಿದ್ದ ಮಳೆ ಪುಸ್ತಕಗಳನ್ನೆಲ್ಲ ಒಂದು ಬೇಸಿಗೆಯಿಡೀ ಕೂತು ಕಂಪ್ಯೂಟರಿಗೆ ಟೈಪ್ ಮಾಡಿದೆ. ಆಮೇಲೆ ಆ ಪುಸ್ತಕಗಳು ಬಚ್ಚಲ ಒಲೆಗೆ ಹೋದವು. ಹಾಕಲಾ ಎಂದು ಕೇಳಿದ್ದಕ್ಕೆ, ಕಂಪ್ಯೂಟರಿನಲ್ಲಿ ಇದೆ ಎಂದು ನೀನು ಹೇಳಿದ ಮೇಲೆ ಇದ್ದ ಹಾಗೆಯೇ ಎಂದಿದ್ದರು ಅಪ್ಪ. ದಿನಾ ಸಂಜೆ ಕಾಫಿ ಕುಡಿದಾದ ಮೇಲೆ ಅವರು ‘ಇವತ್ತಿನ ತಾರೀಖು ಓದು’ ಎನ್ನುತ್ತಾರೆ. ನಾನು ಅದೇ ತಾರೀಖಿನ ಮಳೆಯನ್ನು ಮೊದಲ ವರ್ಷದಿಂದ ಓದುತ್ತೇನೆ. ಒಂದೊಂದು ಅಂಕಿಗೂ ಅವರಿಗೆ ಒಂದೊಂದು ದಿನ ಎದ್ದು ಬರುತ್ತದೆ. ಆ ವರ್ಷ ಹಳ್ಳ ಉಕ್ಕಿ ಸೇತುವೆ ಮುಳುಗಿತ್ತು, ಈ ವರ್ಷ ನಿನ್ನಮ್ಮ ಛತ್ರಿ ಮರೆತು ನೆನೆದು ಬಂದಿದ್ದಳು ಎನ್ನುತ್ತಾರೆ. ಕಣ್ಣು ಹೋದ ಮೇಲೆ ಅಪ್ಪನಿಗೆ ಉಳಿದಿರುವ ಓದು ಇದೊಂದೇ.

ಡಿಸ್ಕನ್ನು ಲ್ಯಾಪ್‌ಟಾಪಿಗೆ ಚುಚ್ಚಿದೆ. ಗುಂಯ್ ಎಂದಿತು, ಸಮಾಧಾನವಾಯಿತು. ಫಾರ್ಮ್ಯಾಟ್ ಮಾಡಬೇಕೆ, ಮಾಡಿದರೆ ಇರುವುದೆಲ್ಲ ಅಳಿಸಿಹೋಗುತ್ತದೆ ಎಂದು ಹೆದರಿಸಿತು. ಏನೂ ಇಲ್ಲದ ಡಬ್ಬಿಯಲ್ಲಿ ಅಳಿಸುವುದೇನು ಎಂದು ಧೈರ್ಯ ಮಾಡಿ ಒತ್ತಿದೆ. ಹೆಸರು ಕೇಳಿತು, ‘ಸ್ಟೋರು’ ಎಂದು ಇಟ್ಟೆ. ಹೆಸರಿಟ್ಟದ್ದೇ ತಪ್ಪಾಯಿತೋ ಏನೋ, ಅಲ್ಲಿಂದ ಮುಂದೆ ನನ್ನ ತಲೆ ತೋಟದ ಲೆಕ್ಕದಲ್ಲೇ ಓಡಿತು. ಸಿಪ್ಪೆ ಬಿಡಿಸಿ ಕಣದಲ್ಲಿ ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯನ್ನು ಸ್ಟೋರಿಗೆ ತುಂಬುವಾಗ ಅರ್ಧವನ್ನು ಕಣದಲ್ಲೇ ಬಿಟ್ಟು ಬರುವವರುಂಟೆ? ಮೋಡ ಕಂಡರೆ ಕೊನೆಯ ಬೀಜದವರೆಗೂ ಗುಡಿಸಿ ಒಳಗೆ ಹಾಕುವುದು ನಮ್ಮ ಪದ್ಧತಿ. ಹಾಗಾಗಿ ನಾನು ಕಾಪಿ ಮಾಡಲಿಲ್ಲ, ಎಲ್ಲವನ್ನೂ ಕಟ್ ಮಾಡಿ ಡಿಸ್ಕಿಗೆ ಸಾಗಿಸಿದೆ. ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಬರಿದಾದ ಲ್ಯಾಪ್‌ಟಾಪನ್ನು ವಿದ್ಯಾರ್ಥಿಯ ಅಂಗಡಿಗೆ ಒಯ್ದು, ಎಲ್ಲ ಸ್ಟೋರಿನಲ್ಲಿ ಭದ್ರವಾಗಿದೆ ಕಣಯ್ಯ ಎಂದು ಹೇಳಿ, ಪೂರ್ತಿ ಅಳಿಸಿ ಹೊಸದಾಗಿ ತುಂಬಿಸಿಕೊಂಡೂ ಬಂದೆ. ಕಣ ಗುಡಿಸಿ ಮುಗಿಸಿದ ತೃಪ್ತಿ ನನ್ನದು.

ಸಾಗಿಸುವಾಗ ಇನ್ನೊಂದು ಆಘಾತವಾಗಿತ್ತು. ಅಕ್ಕನ ಮಗಳ ಮದುವೆಯಲ್ಲಿ ಯಾರೋ ಕುಣಿದ ಮೂರು ನಿಮಿಷದ ವಿಡಿಯೊ ಹೋಗಲು ಬಹಳ ಹೊತ್ತು ಹಿಡಿಯಿತು. ಮೂವತ್ತೊಂದು ವರ್ಷದ ಮಳೆ ಕಣ್ಣು ಮಿಟುಕಿಸುವುದರೊಳಗೆ ಹೋಗಿಬಿಟ್ಟಿತು. ಅಪ್ಪ ಸುಮಾರು ಹತ್ತು ಸಾವಿರ ಬೆಳಗು ಎದ್ದು ಬಗ್ಗಿ ನೋಡಿದ್ದು ಆ ಕುಣಿತದ ಒಂದು ಹೆಜ್ಜೆಯಷ್ಟೂ ತೂಗಲಿಲ್ಲ. ಅಷ್ಟು ಹಗುರವಾದದ್ದನ್ನು ಮೊಬೈಲಿಗೆ ಕಳಿಸಿಟ್ಟುಕೊಳ್ಳಬಹುದಿತ್ತು ಎಂದು ಆಗ ಹೊಳೆಯಲಿಲ್ಲ.

ಇನ್ನು ಡಿಸ್ಕನ್ನು ಇಡುವ ಜಾಗ. ಜೂನ್ ಬಂತೆಂದರೆ ನಮ್ಮಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕ, ದೇವರ ಪಟ, ಎಲ್ಲಕ್ಕೂ ಬೂಸ್ಟು. ಅದಕ್ಕೆ ಮನೆಮನೆಯಲ್ಲೂ ಒಂದು ಬಲ್ಬಿನ ಬೀರು ಇರುತ್ತದೆ. ಬೀರುವಿನ ಒಳಗೊಂದು ಹಳೇ ಕಾಲದ ಬಲ್ಬು ಹಗಲೂ ರಾತ್ರಿ ಉರಿಯುತ್ತಿರುತ್ತದೆ, ಅದರ ಬಿಸಿಗೆ ರೇಷ್ಮೆ ಸೀರೆಗಳೂ ಪತ್ರಗಳೂ ಬೆಚ್ಚಗಿರುತ್ತವೆ. ಎಲ್‌ಇಡಿ ಬಲ್ಬುಗಳು ಬೆಳಕು ಕೊಡುತ್ತವೆಯೇ ಹೊರತು ಬಿಸಿ ಕೊಡುವುದಿಲ್ಲವೆಂದು ನಾನು ಹಳೆಯ ಬಲ್ಬುಗಳನ್ನು ಕೂಡಿಟ್ಟುಕೊಂಡಿದ್ದೇನೆ. ಮನೆಯಲ್ಲಿ ಬೆಲೆಬಾಳುವುದೆಲ್ಲ ಇರುವುದು ಆ ಬೀರುವಿನಲ್ಲಿ. ಡಿಸ್ಕೂ ಅಲ್ಲಿಗೇ ಹೋಯಿತು. ಸಂಜೆ ತೆಗೆದು ಅಪ್ಪನಿಗೆ ಓದುವುದು, ಮತ್ತೆ ಒಳಗಿಡುವುದು. ಒಂದು ದಿನ ಒಣಗದ ಬಟ್ಟೆ ಹೆಚ್ಚಾಗಿ ಮೇಲಿನ ಅರೆ ತುಂಬಿತು. ಡಿಸ್ಕನ್ನು ಕೆಳಗಿನ ಅರೆಯಲ್ಲಿ ಬಲ್ಬಿಗೆ ಒರಗಿಸಿಟ್ಟೆ. ವಿಜ್ಞಾನದ ಮೇಡಂ.

ಮಾರನೆಯ ಸಂಜೆ ಬೀರು ತೆರೆದರೆ ಎಂಥದೋ ಕಮರು ವಾಸನೆ. ಡಿಸ್ಕಿನ ಒಂದು ಮೂಲೆ ಹಪ್ಪಳದಂತೆ ಬಾಗಿತ್ತು. ಚುಚ್ಚಿದರೆ ಗುಂಯ್ ಇಲ್ಲ. ಹೊರಗೆ ಅಪ್ಪ ಲೋಟ ಕೆಳಗಿಟ್ಟು ‘ಇವತ್ತಿನ ತಾರೀಖು ಓದು’ ಎಂದರು. ಕರೆಂಟಿಲ್ಲ ಎಂದೆ. ನನ್ನ ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು.

ಚಿಕ್ಕಮಗಳೂರಿನಲ್ಲಿ ಡಿಸ್ಕ್ ರಿಪೇರಿ ಮಾಡುವವರು ಅದನ್ನು ಕಿವಿಗೆ ಹಿಡಿದು, ಮೂಗಿಗೂ ಹಿಡಿದು ನೋಡಿದರು. ಬೀಳಿಸಿಕೊಂಡು ತರುತ್ತಾರೆ, ನೀರಿಗೆ ಹಾಕಿಕೊಂಡು ತರುತ್ತಾರೆ, ಹುರಿದುಕೊಂಡು ತಂದವರು ನೀವೇ ಮೊದಲು ಎಂದರು. ಬೆಂಗಳೂರಿಗೆ ಕಳಿಸಿ ನೋಡಬಹುದು, ಆದರೆ ಆಸೆ ಇಟ್ಟುಕೊಳ್ಳಬೇಡಿ ಎಂದರು. ವಾಪಸು ಬರುವಾಗ ಆಲ್ದೂರು ದಾಟಿದ್ದೂ ನನಗೆ ತಿಳಿಯಲಿಲ್ಲ. ಮುಂದಿನ ಐದು ಸಂಜೆ ನನ್ನ ಗಂಟಲು ಕೆಟ್ಟಿತು, ತಲೆ ನೋಯಿತು, ಲ್ಯಾಪ್‌ಟಾಪ್ ಮೂಡಿಗೆರೆಗೆ ಹೋಯಿತು. ಅಪ್ಪ ಒಂದು ದಿನವೂ ಒತ್ತಾಯ ಮಾಡಲಿಲ್ಲ. ಸುಮ್ಮನೆ ಸ್ವಲ್ಪ ಹೊತ್ತು ಕೂತಿದ್ದು ಒಳಗೆ ಹೋಗುತ್ತಿದ್ದರು. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಆರನೆಯ ಬೆಳಿಗ್ಗೆ ಗೋಣಿಬೀಡಿನಿಂದ ಲಲಿತಮ್ಮನ ಫೋನ್ ಬಂತು. ಇದೂ ನಮ್ಮ ಕಡೆಯ ನಿತ್ಯಕರ್ಮ. ಮಳೆ ಬಂದ ಮರುದಿನ ಬೆಳಿಗ್ಗೆ ತೋಟದವರು ಒಬ್ಬರಿಗೊಬ್ಬರು ಫೋನ್ ಮಾಡಿ ನಿಮ್ಮಲ್ಲಿ ಎಷ್ಟು ಬಿತ್ತು ಎಂದು ಕೇಳಿಕೊಳ್ಳದಿದ್ದರೆ ತಿಂಡಿ ಸೇರುವುದಿಲ್ಲ. ಲಲಿತಮ್ಮನ ಗಂಡ ಮಲ್ಲೇಗೌಡರು ಅಪ್ಪನ ಜೀವದ ಗೆಳೆಯ. ಅವರಿಬ್ಬರೂ ವರ್ಷಗಟ್ಟಲೆ ಈ ಪ್ರಶ್ನೋತ್ತರ ನಡೆಸಿದರು. ಗೌಡರು ತೀರಿಕೊಂಡು ಎರಡು ವರ್ಷ. ಈಗ ಅವರ ಕಡೆಯಿಂದ ಲಲಿತಮ್ಮ, ನಮ್ಮ ಕಡೆಯಿಂದ ನಾನು. ಎರಡು ಇಂಚು ಹದಿನೈದು ಎಂದೆ. ತಡಿ, ಬರ್ಕೊಳ್ತೀನಿ ಎಂದರು. ಸಾವಿರ ಸಲ ಕೇಳಿದ ಆ ಮಾತು ನನ್ನ ಕಿವಿಗೆ ಬಿದ್ದದ್ದು ಅಂದೇ.

“ಲಲಿತಮ್ಮ, ನೀವು ನಮ್ಮನೆ ಮಳೆನೂ ಬರ್ಕೊಳ್ತೀರಾ?”

“ಮತ್ತೆ? ಇವ್ರಿದ್ದಾಗ್ಲಿಂದ್ಲೂ ಜಾವಳಿಗೆ ಒಂದು ಕಾಲಂ ಇದೆ ಕಣೇ. ಒಂದು ದಿನ ಬಿಟ್ಟಿಲ್ಲ.”

ಆಗಲೇ ಗೋಣಿಬೀಡಿಗೆ ಹೋಗಿ ಮೂವತ್ತೊಂದು ಪುಸ್ತಕಗಳನ್ನು ಎರಡು ಚೀಲದಲ್ಲಿ ತುಂಬಿಕೊಂಡು ಬಂದೆ. ಬಾಡಿಗೆ ಜೀಪಿನಲ್ಲಿ ಬರುವಾಗ ಅಳು ಬಂತು, ಅತ್ತುಬಿಟ್ಟೆ. ಅಂದು ಸಂಜೆ ನಾನೇ ಅಪ್ಪನನ್ನು ಕರೆದು ಕೂರಿಸಿ ಮೊದಲ ವರ್ಷದಿಂದ ಶುರುಮಾಡಿದೆ. ಒಂದು ಇಂಚು ನಲವತ್ತು. ಅಪ್ಪನ ತಲೆ ಮೇಲೆದ್ದಿತು.

“ಎಲ್ಲಿಂದ ಓದ್ತಾ ಇದೀಯ?”

ಇನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲ. ಡಿಸ್ಕು, ಕಣ, ಬಲ್ಬು, ಐದು ದಿನದ ಗಂಟಲು ನೋವು, ಎಲ್ಲವನ್ನೂ ಹೇಳಿ ಬೈಗುಳಕ್ಕೆ ಕಾದೆ. ಅಪ್ಪ ಬೈಯಲಿಲ್ಲ. ಮಲ್ಲೇಗೌಡನ ಪುಸ್ತಕವಾ ಎಂದು ಕೇಳಿದರು. ಹೌದು ಎಂದೆ.

“ಹಾಗಾದ್ರೆ ಹತ್ತು ಸೆಂಟ್ ಕಳಿ.”

ನನಗೆ ಅರ್ಥವಾಗಲಿಲ್ಲ. ಅವನಿಗೆ ಹೇಳುವಾಗ ಹತ್ತು ಸೇರಿಸಿ ಹೇಳುತ್ತಿದ್ದೆ ಎಂದು ಅಪ್ಪ ಹವಾಮಾನ ಹೇಳಿದಷ್ಟೇ ನಿರಾಳವಾಗಿ ಹೇಳಿದರು. ಯಾವಾಗ ಕೇಳಿದರೂ ಅವನದೇ ಹೆಚ್ಚಿರುತ್ತಿತ್ತಂತೆ. ಅವನೆದುರು ಕಡಿಮೆ ಹೇಳಲು ಮನಸ್ಸು ಬರುತ್ತಿರಲಿಲ್ಲವಂತೆ. ಡಿಸ್ಕು ಸುಟ್ಟಾಗಲೂ ನನಗೆ ಇಂಥ ಆಘಾತವಾಗಿರಲಿಲ್ಲ. ಒಂದು ಹನಿ ಚೆಲ್ಲಿದರೆ ಬರೆದಿಡುತ್ತಿದ್ದ ಮನುಷ್ಯ ಒಳಗೆ ಬಂದು ಫೋನೆತ್ತಿ ಇಂಥ ಸುಳ್ಳು ಹೇಳುತ್ತಿದ್ದರೇ? ದಿನಾಲೂ ಸೇರಿಸುತ್ತಿದ್ದಿರಾ ಎಂದು ಕೇಳಿದೆ.

“ಮಳೆ ಬಂದ ದಿನ ಮಾತ್ರ ಮಾರಾಯ್ತಿ. ಸೊನ್ನೆಗೆ ಸೇರ್ಸೋಕೆ ನಾನೇನು ಸುಳ್ಳುಗಾರನಾ?”

ಯಾವಾಗಲೂ ಹತ್ತೇ ಏನು ಎಂದದ್ದಕ್ಕೆ, ಹತ್ತೇ, ದಿನಕ್ಕೊಂದು ಹೇಳಿದರೆ ಲೆಕ್ಕ ಕೆಡುವುದಿಲ್ಲವೇ ಎಂದರು. ಅವರ ಸುಳ್ಳಿಗೆ ಇದ್ದ ಶಿಸ್ತು ನನ್ನ ವಿಜ್ಞಾನಕ್ಕೆ ಇರಲಿಲ್ಲ. ಆ ಶಿಸ್ತಿನಿಂದಲೇ ನಮ್ಮ ಮಳೆ ಒಂದು ಸೆಂಟೂ ತಪ್ಪದೆ ವಾಪಸು ಬಂತು. ಕೊನೆಯ ನಾಲ್ಕು ವರ್ಷದ್ದನ್ನು ಮಾತ್ರ ಕಳೆಯಬೇಕಾಗಿರಲಿಲ್ಲ, ಅದು ನಾನು ಹೇಳಿದ್ದು. ಈಚೆಗೆ ಜಾವಳಿಯಲ್ಲಿ ಮಳೆ ಕಡಿಮೆಯಾಗಿದೆ, ಎಲ್ಲ ಮರ ಕಡಿದದ್ದಕ್ಕೆ ಎಂದು ಲಲಿತಮ್ಮ ಆಗಾಗ ಬೇಸರಪಟ್ಟುಕೊಳ್ಳುತ್ತಿದ್ದುದು ಏಕೆಂದು ಆಗ ತಿಳಿಯಿತು.

ಹದಿನೈದು ದಿನ ಕೂತು ಮತ್ತೆ ಟೈಪ್ ಮಾಡಿದೆ. ಗೌಡರ ಮನೆಯ ಕಾಲಮ್ಮನ್ನೂ ಪಕ್ಕದಲ್ಲೇ ಸೇರಿಸಿದೆ. ಈ ಸಲ ಸದ್ದು ಮಾಡದ ಜಾತಿಯ ಡಿಸ್ಕ್ ತಂದು, ಕಟ್ ಮಾಡದೆ ಕಾಪಿ ಮಾಡಿದೆ. ಮೊಬೈಲಿಗೊಂದು ಹಾಕಿದೆ, ಇನ್ನೊಂದನ್ನು ಲಲಿತಮ್ಮನಿಗೆ ಕೊಡಲು ಪುಸ್ತಕಗಳ ಜೊತೆ ಒಯ್ದೆ. ಬಲ್ಬಿನ ಬೀರುವಿನಲ್ಲಿ ಮಾತ್ರ ಇಡಬೇಡಿ ಎಂದು ಕೈಮುಗಿದು ಹೇಳಿದೆ. ಎಲ್ಲ ಸರಿಯಿತ್ತಾ ಎಂದು ಅವರು ಕೇಳಿದಾಗ, ಅಪ್ಪನ ಪರವಾಗಿ ನಾಚಿಕೊಂಡು ಹತ್ತು ಸೆಂಟಿನ ಸಂಗತಿ ಹೇಳಿದೆ. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ.

“ಅದಕ್ಯಾಕೆ ಇಷ್ಟು ಸಂಕೋಚ? ಇವ್ರು ಹದಿನೈದು ಸೇರಿಸ್ತಿದ್ರು.”

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವರು ನೆಟ್ಟಗೆ ಕೂತರು. ನನ್ನ ಆಘಾತವೆಲ್ಲ ಸೇರಿದರೂ ಆ ಮುಖದ ಮುಂದೆ ಸಣ್ಣದು. ಹದಿನೈದಾ ಎಂದರು. ಸ್ವಲ್ಪ ಬಿಟ್ಟು ಇನ್ನೊಂದು ಸಲ, ಹದಿನೈದಾ ಎಂದರು. ಮನುಷ್ಯ ಅಂದ ಮೇಲೆ ಒಂದು ಮಿತಿ ಬೇಡವೇ ಎಂದು ಗೊಣಗಿದರು. ಆಮೇಲೆ ಇವತ್ತಿನ ತಾರೀಖಿನದು ಓದು, ಇಬ್ಬರದ್ದೂ ಓದು ಎಂದರು. ಗೌಡರು ತಮ್ಮ ಮನೆಯ ಮಳೆಯನ್ನು ಪುಸ್ತಕದಲ್ಲಿ ಬರೆದುಕೊಂಡಿದ್ದು ನಿಜವಾದ ಅಳತೆಯಲ್ಲೇ, ಆ ಹದಿನೈದು ಫೋನಿನಲ್ಲಿ ಮಾತ್ರ. ಮೊದಲ ವರ್ಷ ನಮ್ಮದು ಹತ್ತು ಕಳೆದು ತೊಂಬತ್ತೆರಡು, ಅವರದು ತೊಂಬತ್ತು. ಮರುವರ್ಷ ನಮ್ಮದು ಎಪ್ಪತ್ತು, ಅವರದು ಎಪ್ಪತ್ತೊಂದು. ಒಂದೇ ಮೋಡ, ಎರಡೂ ಮನೆಗೆ ಹೆಚ್ಚುಕಡಿಮೆ ಅಷ್ಟಷ್ಟೇ ಸುರಿಸುತ್ತ ಬಂದಿತ್ತು. ಕೊನೆಗೆ ಗೌಡರು ಬದುಕಿದ್ದ ಕಡೆಯ ವರ್ಷಕ್ಕೆ ಬಂದೆ. ನಮ್ಮದು ಒಂದು ಇಂಚು ಮೂವತ್ತು, ಅವರದು ಒಂದು ಇಂಚು ಇಪ್ಪತ್ತೆಂಟು.

ಅಪ್ಪ ಕಾಣದ ಕಣ್ಣನ್ನು ಫೋನಿರುವ ಕಡೆ ತಿರುಗಿಸಿ ಕೂತಿದ್ದರು.

“ಅವ್ನಿದ್ದಾಗ್ಲೇ ಇದು ಗೊತ್ತಾಗಿದ್ರೆ ಒಂದು ಫೋನ್ ಮಾಡ್ತಿದ್ದೆ.”

ಮಾಡಿ ಏನು ಹೇಳುತ್ತಿದ್ದಿರಿ ಎಂದು ಕೇಳಿದೆ.

“ಎರಡು ಸೆಂಟ್ ನಮ್ದೇ ಜಾಸ್ತಿ ಅಂತ.”