ಸುಣ್ಣದ ಕಲ್ಲಿನ ಮ್ಯಾಲಿನ ಕೈ

ಮಸ್ಕಿಯೊಳಗ ನೋಡೂವಂಥಾದ್ದು ಏನೈತಿ ಅಂತ ಯಾರರ ಕೇಳಿದ್ರ ನನಗ ಸಿಟ್ಟು ನೆತ್ತಿಗೇರತೈತಿ. ಮೂವತ್ತು ವರ್ಷ ಇದೇ ಊರಿನ ಸಾಲ್ಯಾಗ ಇತಿಹಾಸ ಕಲಿಸಿದಾಕಿ ನಾನು. ದೇವಾನಾಂಪ್ರಿಯ ಅಂದ್ರ ಅಶೋಕನೇ ಅಂತ ಜಗತ್ತಿಗೆ ಗೊತ್ತಾಗಿದ್ದು ನಮ್ಮ ಗುಡ್ಡದ ಬಂಡೆಗಲ್ಲಿನಿಂದ. ಗುಡ್ಡದ ಮ್ಯಾಲ ಮಲ್ಲಯ್ಯನ ಗುಡಿ, ಕೆಳಗ ಹಳ್ಳ. ಲಿಂಗಸುಗೂರು ದಾಟಿ ಹೋದ್ರ ಮುದಗಲ್ಲಿನ ಕೋಟಿ. ಹಂಗಿದ್ದೂ ಸಿಂಧನೂರಿನ ಬಸ್ಸಿಗೆ ಕಾಯೋ ಮಂದಿ ಇಲ್ಲಿ ಮಿರ್ಚಿ ಭಜಿ ತಿಂದು, ಚಾ ಕುಡದು, ಏನೂ ಇಲ್ಲದ ಊರು ಅಂದು ಹೋಗತಾರ. ನನ್ನ ಕಿವಿಗೆ ಬಿದ್ರ ಅವರ ಬಸ್ಸು ತಪ್ಪಿತು ಅಂತನ ತಿಳಕೋರಿ.

ಆದ್ರ ಈಗ ನಾ ಬರಿಯಾಕತ್ತಿದ್ದು ಅಶೋಕನ ಕಲ್ಲಿನ ಮಾತಲ್ಲ. ನಮ್ಮ ಓಣಿಯಿಂದ ಹಳ್ಳಕ್ಕ ಇಳಿಯೋ ದಾರ್ಯಾಗ, ಬೇವಿನ ಗಿಡದ ಬುಡಕ್ಕ ಇನ್ನೊಂದು ಕಲ್ಲೈತಿ. ನಿಂತವರ ಎದಿಮಟ ಬರತೈತಿ. ಓಣಿ ಹೆಣಮಕ್ಕಳು ಅದಕ್ಕ ಕಲ್ಲವ್ವ ಅಂತಾರ. ವರ್ಷಾ ಪಂಚಮಿ ಮುಂದ ಅದಕ್ಕ ಸುಣ್ಣ ಹಚ್ಚಿ, ಕೆಮ್ಮಣ್ಣಿನ ಪಟ್ಟಿ ಎಳಿಯೋದು ನಮ್ಮ ಮನಿ ಪಾಳಿ. ಅವ್ವ ಹೋದ ಮ್ಯಾಲ ಆ ಪಾಳಿ ಅಕ್ಕಗ ಬಂತು. ಆ ಕಲ್ಲಿನ ಸುಣ್ಣದಾಗ ಅಕ್ಕನ ಮಗಳ ಕೈ ಮೂಡಿತ್ತು. ಕೂಸಿನ ಗುರುತು ಅಂತ ಭೂಮಿ ಮ್ಯಾಲ ಉಳಿದಿದ್ದು ಅದೊಂದೇ.

ಹುಡುಗಿಗೆ ಆಗ ಆರು ವರ್ಷ. ಅವರವ್ವ ಸುಣ್ಣ ಬಳದು ಈ ಕಡೆ ತಿರುಗೋದ್ರಾಗ ಕೆಮ್ಮಣ್ಣಿನ ಬಟ್ಟಲದಾಗ ಕೈ ಎದ್ದಿ, ಹಸಿ ಸುಣ್ಣದ ಮ್ಯಾಲ ಒತ್ತೇಬಿಟ್ಟಿದ್ಲು. ಅಕ್ಕ ಬೈದ್ಲು. ನಾ ನಕ್ಕು, ಇರಲಿ ಬಿಡು, ಕಲ್ಲವ್ವ ಏನು ಬ್ಯಾಡ ಅಂತಾಳೇನು ಅಂದೆ. ತಿಂಗಳ ಒಳಗ ಜ್ವರ ಬಂತು. ಲಿಂಗಸುಗೂರಿಗೆ ಒಯ್ದಿವಿ, ಅಲ್ಲಿಂದ ರಾಯಚೂರಿಗೆ ಒಯ್ದಿವಿ. ಹೋಗಬೇಕಾದ್ರ ಬಸ್ಸಿನ ಕಿಟಕಿ ಹಂತ್ಯಾಕ ಕುಂದರತೀನಿ ಅಂತ ಹಟ ಮಾಡಿದಾಕಿ, ಬರಬೇಕಾದ್ರ ಅವರವ್ವನ ಸೀರಿಯೊಳಗ ಸುತಗೊಂಡು ಬಂದ್ಲು.

ಒಂದು ಫೋಟೋ ಇಲ್ಲ. ಹಸರು ಲಂಗ ಹೊಲಿಸಿ ಸಿಂಧನೂರಿನ ಸ್ಟುಡಿಯೋಕ್ಕ ಕರಕೊಂಡು ಹೋಗಬೇಕು ಅಂತಿದ್ವಿ. ಟೇಲರ್ ಇವತ್ತು ನಾಳೆ ಅಂದ, ನಾವೂ ಹೂಂ ಅಂದ್ವಿ. ಅಂಗಿಗಳನ್ನ ಆಕಿ ಸಂಗಾಟ ಕಳಿಸಿದ್ವಿ. ಹಿಂಗಾಗಿ ಮುಂದಿನ ಪಂಚಮಿಯಿಂದ ಅಕ್ಕ ಆ ಕೈಯೊಂದು ಬಿಟ್ಟು ಉಳಿದ ಕಲ್ಲಿಗೆ ಸುಣ್ಣ ಹಚ್ಚತಿದ್ಲು. ಬೆರಳು ಬೆರಳಿನ ನಡುವ ಕಡ್ಡಿಗೆ ಅರಿವಿ ಸುತಗೊಂಡು ತೀಡತಿದ್ಲು. ವರ್ಷಾ ವರ್ಷಾ ಸುಣ್ಣ ದಪ್ಪಾಗಿ ಕೈ ಒಳಗ ಹೋದಂಗಾಗಿತ್ತು. ಹಳ್ಳಕ್ಕ ಹೋಗೂವಾಗ, ಬರೂವಾಗ ಅದರಾಗ ತನ್ನ ಎರಡು ಬೆರಳಿಟ್ಟು ಮುಂದಕ್ಕ ಹೋಗತಿದ್ಲು. ಇಪ್ಪತ್ತೆಂಟು ವರ್ಷ. ನಾ ಒಂದಿನಾನೂ ಆಕಿ ಅತ್ತಿದ್ದು ಅಲ್ಲಿ ನೋಡಲಿಲ್ಲ.

ಮಸ್ಕಿ ತಾಲ್ಲೂಕಾತು. ಊರಿನ ಹಿರೇರು ಕೂಡಿ ಊರಿನ ಇತಿಹಾಸದ ಒಂದು ಪುಸ್ತಕ ಮಾಡಬೇಕು, ಟೀಚರೇ ನೀವೇ ಬರೀರಿ ಅಂದ್ರು. ನಿವೃತ್ತಿ ಆಗಿ ಮನ್ಯಾಗ ನೊಣ ಹೊಡಕೋಂತ ಕುಂತಾಕಿಗೆ ಇನ್ನೇನು ಬೇಕು, ಉಬ್ಬಿಹೋದೆ. ಗುಡ್ಡ ಏರಿದೆ, ಗುಡಿ ಕಂಬ ಎಣಿಸಿದೆ. ಓಣಿ ಕಲ್ಲಿನ ಕೆಳಗಿನ ಅರ್ಧದಾಗ ಸುಣ್ಣ ಉಬ್ಬುತಗ್ಗು ಕಂಡಿತ್ತು, ಅಷ್ಟರದೇ ಫೋಟೋ ಒಂದು ತೆಗೆದು ಶಾಸನ ಓದೋ ಮೇಷ್ಟ್ರೊಬ್ಬರಿಗೆ ಕಳಿಸಿದೆ. ಸುಣ್ಣದ ಕೆಳಗ ಅಕ್ಷರ ಇದ್ದಂಗ ಕಾಣತಾವ, ತೊಳದು ಕಳಿಸಿದ್ರ ಓದತೀನಿ, ಬರೇ ನೀರು ಹಾಕ್ರಿ, ಕಬ್ಬಿಣ ಮುಟ್ಟಸಬ್ಯಾಡ್ರಿ ಅಂತ ಅವರು ಬರೆದ್ರು.

ಅಕ್ಕನ್ನ ಕೇಳದನ ಮಾಡಲಿಲ್ಲ ನಾನು. ಅಷ್ಟು ಕೆಟ್ಟಾಕಿ ಅಲ್ಲ. ಅಕ್ಷರ ಇರೋದು ಕೆಳಗಿನ ಅರ್ಧದಾಗ, ಕೈ ಇರೋದು ಮ್ಯಾಲ, ಆ ಕಡೆ ನಾ ಹಾಯಂಗೇ ಇಲ್ಲ ಅಂತ ತಿಳಿಸಿ ಹೇಳಿದೆ. ಆಕಿ ಜ್ವಾಳ ಹಸನ ಮಾಡಾಕತ್ತಿದ್ಲು. ಕೈಯಾಗಿನ ಮರ ಕೆಳಗಿಟ್ಲು.

"ನೀ ಓದಿದಾಕಿ. ನಿನಗ ಗೊತ್ತಿರತೈತಿ," ಅಂದ್ಲು.

ಮರುದಿನ ಮುಂಜಾನೆ ನಾ ಒಬ್ಬಾಕಿನೇ ಹೋದೆ. ಎರಡು ಕೊಡ ನೀರು, ತೆಂಗಿನ ನಾರು. ಕೈಯಿದ್ದ ಜಾಗಾಕ್ಕ ಪ್ಲಾಸ್ಟಿಕ್ ಹಾಳಿ ಹೊದಿಸಿ ಹಗ್ಗ ಕಟ್ಟಿದೆ, ಅಷ್ಟು ಶಾಣೇತನ ನಂದು. ಕೆಳಗಿನ ಸುಣ್ಣ ಜಪ್ಪಯ್ಯ ಅಂದ್ರೂ ಬಿಡಲಿಲ್ಲ. ಗೋಣಿಚೀಲ ಹಸಿ ಮಾಡಿ ಹೊದಿಸಿ, ನೀರು ಕುಡೀಲಿ ಅಂತ ಗಿಡದ ನೆಳ್ಳಿಗೆ ಕುಂತೆ.

ನಮ್ಮ ಮನಿ ಸುಣ್ಣ ಹೆಂಗಿರತೈತಿ ಅಂತ ನನಗ ಗೊತ್ತಿಲ್ಲೇನು? ಮಳಿಗೆ ತೊಳದು ಹೋಗಬಾರದು ಅಂತ ಅವ್ವ ಅದಕ್ಕ ಜಾಲಿ ಅಂಟು ಕುದಿಸಿ ಹಾಕತಿದ್ಲು. ಸಣ್ಣಾಕಿದ್ದಾಗ ಕೋಲು ಹಿಡಕೊಂಡು ಅದನ್ನ ತಿರುವಿದಾಕಿ ನಾನೇ. ಅಂಟು ಹಾಕಿದ ಸುಣ್ಣ ಸ್ವಲ್ಪ ಸ್ವಲ್ಪನ ಉದರಂಗಿಲ್ಲ. ಗ್ವಾಡಿಗೆ ನೀರು ಇಳದ್ರ ಪದರಿಗೆ ಪದರ ಕೂಡಿ ದಪ್ಪ ರೊಟ್ಟಿ ಎದ್ದಂಗ ಒಮ್ಮೆಲೇ ಏಳತೈತಿ. ನಮ್ಮ ಮನಿ ಪಡಸಾಲ್ಯಾಗ ಹತ್ತು ಸಲ ನೋಡೀನಿ. ಆದ್ರ ಅವತ್ತು ನನ್ನ ತಲ್ಯಾಗ ಮೇಷ್ಟ್ರು ಬರೆದ ಕಾಗದ ಇತ್ತು, ಅವ್ವನ ಅಂಟಿನ ಗಡಿಗಿ ಇರಲಿಲ್ಲ.

ಗೋಣಿಚೀಲ ತೆಗೆದು ಕೆಳಗಿನ ಅಂಚಿಗೆ ಉಗುರು ಹಾಕಿದೆ, ಅಷ್ಟೇ. ಕೆಳಗಿಂದ ಮ್ಯಾಲಿನತನ ಇಡೀ ಹೊದಿಕಿ ಕಲ್ಲು ಬಿಟ್ಟು ಬಾಗಿತು. ಎರಡೂ ಕೈ ಕೊಟ್ಟು ತಡದೆ. ತಡಿಯೋಕೇನು, ಅವ್ವನ ಕಾಲದಿಂದ ಹಚ್ಚಿದ ಸುಣ್ಣ ಹಸಿ ಆಗಿ ಮಣಭಾರ ಆಗಿತ್ತು. ಪ್ಲಾಸ್ಟಿಕ್ ಹಾಳಿ, ಹಗ್ಗ ಕೂಡೇ ಕಾಲಮ್ಯಾಲ ಬಿದ್ದು ಚೂರಾತು. ಶಿವನೇ ಅಂತ ಅಲ್ಲೇ ಕುಂತೆ. ಎದರಿಗೆ ಕಲ್ಲಿನ ಕೆಳಗಿನ ಅರ್ಧದ ತುಂಬ ಅಕ್ಷರ. ನಿನ್ನೆ ಕೊರದಂಗ ಚೊಕ್ಕ.

ಹೇಳಾಕ ನಾಚಿಕಿ ಆಗತೈತಿ, ಆದ್ರೂ ಹೇಳತೀನಿ. ಒಂದು ಗಳಿಗಿ ನನಗ ಖುಷಿ ಆತು. ಮೊಬೈಲ್ ತೆಗೆದು ಫೋಟೋ ಹೊಡದೆ. ಆಮ್ಯಾಲ ಕಾಲ ಬುಡಕ್ಕ ನೋಡಿದೆ.

ಅಕ್ಕಗ ಹೋಗಿ ನಾನೇ ಹೇಳಿದೆ. ಬಂದ್ಲು. ಬೈಯಲಿ, ಹೊಡೀಲಿ ಅಂತ ಕಾದೆ. ಆಕಿ ಸೆರಗು ಹಾಸಿ ಕೆಂಪು ಹತ್ತಿದ ಚೂರು ಆರಿಸಿಕೋಂತ ಕುಂತ್ಲು. ನಾನೂ ಆರಿಸಿದೆ. ಕೈಗೆ ಎತ್ತಿದ್ರ ಸಾಕು, ಹಸಿ ಸುಣ್ಣ ಬೆಣ್ಣಿ ಹಂಗ ಬೆರಳಿಗೆ ಹತ್ತತಿತ್ತು. ಮನಿಗೆ ಒಯ್ದು ತಾಟಿನಾಗ ಹರವಿ, ಬೆರಳು ಯಾವುದು, ಅಂಗೈ ಯಾವುದು ಅಂತ ಮೂರು ದಿನ ಕೂಡಿಸಿದ್ಲು. ಒಣಗಿದ ಮ್ಯಾಲ ಉಳಿದಿದ್ದೂ ಬಿರುಕು ಬಿಟ್ಟು ಪುಡಿ ಆತು. ನಾಲ್ಕನೇ ದಿನ ಆ ಪುಡಿ ಹಳ್ಳಕ್ಕ ಬಿಟ್ಟು ಬಂದ್ಲು. ನನ್ನ ಕರಿಲಿಲ್ಲ.

ಮೇಷ್ಟ್ರು ಓದಿ ಫೋನ್ ಮಾಡಿದ್ರು. ಹಳ್ಳದ ದಂಡಿ ಗದ್ದಿಯೊಂದನ್ನ ಕೆರಿ ಹೂಳು ತೆಗಿಯಾಕ ಅಂತ ದಾನ ಬಿಟ್ಟಿದ್ದಂತ. ಭಾಳ ದೊಡ್ಡ ಕೆಲಸ ಮಾಡಿದ್ರಿ ಮೇಡಂ ಅಂದ್ರು. ನಾ ಫೋನ್ ಇಟ್ಟೆ.

ಪುಸ್ತಕ ಬಂತು. ಸನ್ಮಾನ ಮಾಡಿ ಶಾಲು ಹೊದಿಸಿದ್ರು. ಮನಿಗೆ ಬಂದು ಪುಸ್ತಕ ಅಲಮಾರ್ಯಾಗ ಇಡಾಕ ಹೋದೆ. ಅಕ್ಕ, ನಮ್ಮ ಕಲ್ಲಿನ ಬಗ್ಗೆ ಏನು ಬರದೀ, ಓದು ಅಂದ್ಲು. ಆಕಿಗೆ ಓದಾಕ ಬರಂಗಿಲ್ಲ. ಬ್ಯಾಡ ಅಂದೆ, ಕೇಳಲಿಲ್ಲ. ಓದಿದೆ. ಕಲ್ಲಿನ ಎತ್ತರ ನಾಲ್ಕು ಅಡಿ ಎರಡು ಇಂಚು, ಅಗಲ ಎರಡು ಅಡಿ, ದಪ್ಪ ಒಂಬತ್ತು ಇಂಚು. ಸಾಲು ಹನ್ನೊಂದು, ಒಂದೊಂದು ಅಕ್ಷರ ಒಂದು ಇಂಚು.

"ಎಲ್ಲಾ ಅಳತಿ ಮಾಡೀ ನೋಡು," ಅಂದ್ಲು ಅಕ್ಕ. ಕುಟುಕೋ ದನಿ ಇರಲಿಲ್ಲ. ತನ್ನ ಅಂಗೈ ನನ್ನ ಮುಂದ ಚಾಚಿದ್ಲು. "ಆಕಿ ಕೈ ಎಷ್ಟಿತ್ತು? ಇಲ್ಲಿತನ ಬರತಿತ್ತೇನು?"

ನಾ ಆಕಿ ಅಂಗೈ ಮ್ಯಾಲ ಬೆರಳಿಟ್ಟು ತೋರಿಸಿದೆ. ಅಷ್ಟು ದೊಡ್ಡದಿರಲಿಲ್ಲ ಅಂದು ಬೆರಳು ಕೆಳಗ ಸರಿಸಿದ್ಲು. ಮತ್ತ ಮ್ಯಾಲ ಸರಿಸಿದ್ಲು. ಹಿಡಿದ ನನ್ನ ಬೆರಳು ಬಿಡಲಿಲ್ಲ. ಎಲ್ಲಿ ನಿಲ್ಲಿಸಬೇಕಂತ ಆಕಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಿರಲಿಲ್ಲ.