ಟವೆಲ್ ಹಾಕಿದ ಸೀಟು

ಹೋದ ವಾರ ಪಾಂಡವಪುರದ ಬಸ್ ನಿಲ್ದಾಣದಲ್ಲಿ ಕೆ.ಆರ್. ಪೇಟೆಯ ಬಸ್ಸು ಹತ್ತಿ ಕಿಟಕಿ ಪಕ್ಕ ಕುಳಿತಿದ್ದೆ. ಹೊರಗಿನಿಂದ ಒಂದು ಕೈ ಒಳಗೆ ತೂರಿ, ನನ್ನ ಮುಖಕ್ಕೆ ತಾಗಿಸಿಕೊಂಡೇ ಪಕ್ಕದ ಸೀಟಿಗೊಂದು ಟವೆಲ್ ಎಸೆದು ಮಾಯವಾಯಿತು. ನಮ್ಮ ಕಡೆ ಇದಕ್ಕಿಂತ ಗಟ್ಟಿಯಾದ ರಿಸರ್ವೇಶನ್ ಇಲ್ಲ. ಟವೆಲ್ ಬಿದ್ದ ಸೀಟಿನಲ್ಲಿ ಕೂರುವ ಧೈರ್ಯ ಮಂತ್ರಿಗೂ ಇರಲಿಕ್ಕಿಲ್ಲ. ಬೆವರು, ಬೀಡಿ, ಡೀಸೆಲ್ ಬೆರೆತ ವಾಸನೆ ಆ ಬಟ್ಟೆಯಿಂದ ಎದ್ದಿತು... ಚಿನಕುರಳಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಡ್ರೈವರ್ ಮಾವನ ವಾಸನೆ ಅದು.

ಮಾವ ಎಂದರೆ ನೆಂಟಸ್ತಿಕೆಯೇನೂ ಇಲ್ಲ, ಬಾಯಿಮಾತಿಗೆ ಮಾವ. ಕ್ವಾರಿಯ ಕಲ್ಲು ತುಂಬಿದ ಲಾರಿಯನ್ನು ನಾಗಮಂಗಲಕ್ಕೂ ಶ್ರೀರಂಗಪಟ್ಟಣಕ್ಕೂ ಓಡಿಸುತ್ತಲೇ ತಲೆ ನೆರೆದವರು. ನರ್ಸಿಂಗ್ ಮುಗಿಸಿದ ನಾನು ಕಾರು ಕಲಿಯುತ್ತೇನೆ ಎಂದಾಗ ಮನೆಯವರೆಲ್ಲ ನಕ್ಕರು. ಇವರೊಬ್ಬರೇ ಕ್ವಾರಿಯ ಖಾಲಿ ರಸ್ತೆಗೆ ಕರೆದುಕೊಂಡು ಹೋಗಿ ಕಲಿಸಿದರು. ಬೈಗುಳ ಧಾರಾಳ, ಪ್ರಶ್ನೆಗಳು ಇನ್ನೂ ಧಾರಾಳ. ಯಾರಾದರೂ ಮೇಲುಕೋಟೆಗೆ ಹೋಗಿ ಬಂದರೂ ಸಾಕು, ಹಿಡಿದು ನಿಲ್ಲಿಸಿ ಎಲ್ಲಿ ತಿರುವು, ಎಲ್ಲಿ ಗುಂಡಿ, ಎದುರಿಗೆ ಎಂಥ ಗಾಡಿ ಬಂತು ಎಂದು ತಲೆ ತಿನ್ನುತ್ತಿದ್ದರು.

ಅವರದೊಂದು ಪದ್ಧತಿ ಇತ್ತು. ಕ್ಲೀನರ್ ಇಲ್ಲದೆ ಒಬ್ಬರೇ ಹೊರಟ ದಿನ ಪಕ್ಕದ ಸೀಟಿಗೆ ತಮ್ಮ ಟವೆಲ್ ಹಾಸುತ್ತಿದ್ದರು. ಯಾಕೆ ಮಾವ ಎಂದು ಕೇಳಿದ್ದೆ.

"ರೋಡ್ನಲ್ಲಿ ಸತ್ತೋರ್ಗೆ ಊರ್ ಸೇರೋ ಆಸೆ ಓಗಿರಲ್ಲ ಕಣವ್ವ. ಖಾಲಿ ಸೀಟ್ ಕಂಡ್ರೆ ಅತ್ಕಬುಡ್ತವೆ. ಟವಲ್ ಆಕಿದ್ರೆ, ಯಾರೋ ಬರೋರವ್ರೆ ಅಂತ ಸುಮ್ನಾಯ್ತವೆ. ನೀನೂವೆ ಅಷ್ಟೆ, ಒಂಟಿಗೆ ಓಗೋವಾಗ ಸೀಟ್ ಖಾಲಿ ಬುಡ್ಬ್ಯಾಡ."

ಸತ್ತವರೂ ನಮ್ಮ ಬಸ್ಸಿನ ಕಾನೂನಿಗೆ ಬೆಲೆ ಕೊಡುತ್ತಾರಲ್ಲ ಎಂದು ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಾವ ನಗಲಿಲ್ಲ.

ಮುಂದೆ ನಾನು ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ಕೆಲವು ವರ್ಷ ದುಡಿದೆ. ಕೆಲಸ ಬಿಟ್ಟು ಊರಿಗೆ ಮರಳುವ ಮುಂಚೆ ಅಮೆರಿಕದ ಹೈವೇಗಳಲ್ಲಿ ಒಬ್ಬಳೇ ಕಾರು ಓಡಿಸಬೇಕೆಂಬ ಹುಚ್ಚು ಹತ್ತಿತು. ಹತ್ತಿಸಿದವರೂ ಮಾವನೇ. ಯಾರದೋ ಫೋನಿನಲ್ಲಿ ಆ ರಸ್ತೆಗಳನ್ನು ನೋಡಿ, "ಒಂದ್ಸಲ ಓಗ್ಬುಟ್ಟು ಬಂದು ನಂಗೆ ಯೋಳವ್ವ, ಎಂಗದೆ ಅಂತ" ಎಂದಿದ್ದರು. ನಾನು ಹೊರಡುವ ಹೊತ್ತಿಗೆ ಲಕ್ವ ಹೊಡೆದು ಅವರು ಹಾಸಿಗೆ ಹಿಡಿದಿದ್ದರು, ಮಾತು ತೊದಲುತ್ತಿತ್ತು. ಇನ್ನೊಂದು ಸಲ ಹೊಡೆದರೆ ಉಳಿಯುವುದಿಲ್ಲವೆಂದು ನರ್ಸಾದ ನನಗೆ ಚೆನ್ನಾಗಿ ಗೊತ್ತಿತ್ತು. ಅವರು ಇರುವಾಗಲೇ ಆ ದಾರಿಯನ್ನು ಅವರಿಗೆ ಹೇಳಿ ಮುಗಿಸಬೇಕು, ನನಗಿದ್ದ ಅವಸರ ಅದೊಂದೇ. ಬಂದು ಹೇಳುವವರೆಗೆ ಕಾಯುವುದು ಬೇಡ, ಅವರ ಮನೆಯ ಫೋನಿಗೆ ದಿನಾ ವಾಯ್ಸ್ ಮೆಸೇಜ್ ಕಳಿಸೋಣ ಎಂದುಕೊಂಡೆ.

ಟೆಕ್ಸಾಸ್‌ನಲ್ಲಿ ಬಾಡಿಗೆ ಕಾರು ಹಿಡಿದು ಪಶ್ಚಿಮಕ್ಕೆ ಹೊರಟೆ. ಮೊದಲ ದಿನವೆಲ್ಲ ಖುಷಿಯೇ. ಮರುದಿನ ನ್ಯೂ ಮೆಕ್ಸಿಕೋ ಸೇರುವ ಹೊತ್ತಿಗೆ ಒಳಗೊಳಗೇ ದಿಗಿಲು ಶುರುವಾಯಿತು. ನಮ್ಮ ಕಡೆ ರಸ್ತೆ ಎಂದರೆ ಜನ. ಹುರುಳಿ ಒಕ್ಕುವವರು, ಕಬ್ಬಿನ ಗಾಡಿ, ನಡುರಸ್ತೆಯಲ್ಲಿ ನಿಂತು ಯೋಚನೆ ಮಾಡುವ ಎಮ್ಮೆ, ಎಲ್ಲರನ್ನೂ ಬೈದುಕೊಂಡೇ ಹೋಗಬೇಕು. ಅಲ್ಲಿ ಮಟಮಟ ಮಧ್ಯಾಹ್ನ ಒಂದು ನರಪಿಳ್ಳೆ ಇಲ್ಲ. ಬೈಯಲೂ ಯಾರೂ ಇಲ್ಲದ ರಸ್ತೆ ಅಷ್ಟು ಹೆದರಿಸುತ್ತದೆಂದು ನನಗೆ ಗೊತ್ತಿರಲಿಲ್ಲ. ಬೇಲಿಯ ಬುಡದಲ್ಲಿ ಅಲ್ಲೊಂದು ಇಲ್ಲೊಂದು ಸಣ್ಣ ಶಿಲುಬೆ, ಅದಕ್ಕೆ ಬಣ್ಣಗೆಟ್ಟ ಪ್ಲಾಸ್ಟಿಕ್ ಹೂವು. ಆ ಜಾಗದಲ್ಲಿ ಅಪಘಾತವಾಗಿ ಸತ್ತವರ ಗುರುತು ಅವು.

ಕಾರು ನಿಲ್ಲಿಸಿದೆ. ಊರಿನಿಂದ ತಂದಿದ್ದ ಚೌಕಳಿ ಟವೆಲ್ ತೆಗೆದು ಪಕ್ಕದ ಸೀಟಿಗೆ ಹಾಸಿದೆ. ಆ ದೇಶದ ಸತ್ತವರಿಗೆ ಮಂಡ್ಯ ಕಡೆಯ ಟವೆಲಿನ ಅರ್ಥ ಹೇಗೆ ತಿಳಿದೀತು ಎಂಬ ಯೋಚನೆ ಕೂಡ ಬರಲಿಲ್ಲ.

ಸ್ವಲ್ಪ ದೂರ ಹೋಗಿರಬೇಕು, ಕಾರು ಟಿಣ್ ಟಿಣ್ ಎನ್ನತೊಡಗಿತು. ಪಕ್ಕದಲ್ಲಿ ಕುಳಿತವರು ಬೆಲ್ಟ್ ಹಾಕಿಲ್ಲ ಎಂಬ ಎಚ್ಚರಿಕೆ. ಸೀಟಿನ ಮೇಲೆ ಒಬ್ಬ ಮನುಷ್ಯನ ಭಾರ ಬಿದ್ದರೆ ಮಾತ್ರ ಹೊಡೆದುಕೊಳ್ಳುವ ಗಂಟೆ ಅದು. ಅಲ್ಲಿದ್ದದ್ದು ತೆಳ್ಳನೆಯ ಬಟ್ಟೆ. ಎತ್ತಿ ಕೊಡವಿದೆ, ಸೀಟು ತಟ್ಟಿ ನೋಡಿದೆ. ಕಾರು ಆಫ್ ಮಾಡಿ ಮತ್ತೆ ಹೊರಟೆ. ಗಂಟೆ ನಿಲ್ಲಲಿಲ್ಲ. ಕೊನೆಗೆ ಆ ಖಾಲಿ ಸೀಟಿಗೆ ಬೆಲ್ಟ್ ಎಳೆದು ಹಾಕಿದೆ. ಥಟ್ಟನೆ ನಿಂತುಹೋಯಿತು... ಗಂಟೆಗಿಂತ ಆ ಮೌನವೇ ಕೆಟ್ಟದಾಗಿತ್ತು.

ಆಮೇಲೆ ಕಾರು ಒಪ್ಪಿಸುವವರೆಗೂ ಆ ಬೆಲ್ಟ್ ಬಿಚ್ಚಲಿಲ್ಲ. ಊಟಕ್ಕೆ ಇಳಿದು ಬಂದು ಬಾಗಿಲು ತೆಗೆಯುವಾಗ ಆ ಕಡೆ ನೋಡುತ್ತಿರಲಿಲ್ಲ. ಸೀಟಿನ ಸೆನ್ಸರ್ ಕೆಟ್ಟಿರಬೇಕು ಎಂದು ನನಗೆ ನಾನೇ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಒಂದು ಮಾತು ನಿಜ, ಕಡಿದಾದ ತಿರುವು ಕಾಣಿಸುವ ಮುಂಚೆಯೇ ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ಕ್ವಾರಿ ರಸ್ತೆಯಲ್ಲಿ ಕಲಿಯುವಾಗ ಬೈಗುಳದ ಹೆದರಿಕೆಗೆ ಹೋಗುತ್ತಿತ್ತಲ್ಲ, ಹಾಗೆ.

ಇದನ್ನೆಲ್ಲ ಪ್ರತಿ ಸಂಜೆ ಮಾವನಿಗೆ ಹೇಳಿ ಕಳಿಸಿದೆ. ಬೆಲ್ಟಿನ ವಿಷಯವನ್ನು ನಗುತ್ತ ಹೇಳಲು ನೋಡಿದೆ, ಆಗಲಿಲ್ಲ. ಉತ್ತರ ಬರುತ್ತಿದ್ದದ್ದು ಅವರ ಹೆಂಡತಿಯಿಂದ, ನಾನು ಅತ್ತೆ ಎನ್ನುತ್ತಿದ್ದವರಿಂದ. "ಕೇಳುಸ್ದೆ ಕಣವ್ವ. ಮಲ್ಗವ್ರೆ. ನೀನು ಉಸಾರಾಗಿ ಬಾ." ಒಂದು ದಿನವೂ ಒಂದು ಪ್ರಶ್ನೆ ಬರಲಿಲ್ಲ. ಮಾತು ಪೂರ್ತಿ ನಿಂತುಹೋಗಿರಬೇಕು, ಕಿವಿಯಾದರೂ ಇದೆಯಲ್ಲ ಎಂದುಕೊಂಡೆ.

ಊರಿಗೆ ಬಂದವಳು ಚೀಲ ಇಳಿಸಿ ನೇರ ಪಕ್ಕದ ಮನೆಗೆ ಓಡಿದೆ. ಬಾಗಿಲಲ್ಲಿ ಅತ್ತೆ ನಿಂತಿದ್ದರು. ಹಣೆ ಬರಿದಾಗಿತ್ತು.

ಮಾವ ಹೋಗಿದ್ದು ನಾನು ಟೆಕ್ಸಾಸ್‌ನಲ್ಲಿ ಕಾರು ಹತ್ತಿದ ದಿನ. ಯಾಕೆ ಹೇಳಲಿಲ್ಲ ಎಂದು ಕಿರುಚಿದೆ.

"ಒಂಟಿಗೆ ದಾರೀಲಿರೋರ್ಗೆ ಸಾವ್ ಯೋಳ್ತಾರಾ? ಕೈ ನಡ್ಗಿ ಎಲ್ಗಾರ ಗುದ್ಬುಟ್ರೆ ಏನ್ ಗತಿ?"

ಬೀದಿಗೆ ಬೀದಿಯೇ ಬಾಯಿಗೆ ಬೀಗ ಹಾಕಿಕೊಂಡಿತ್ತು, ನನ್ನ ಹೆತ್ತ ತಾಯಿ ಕೂಡ. ಅತ್ತೆ ನನ್ನ ಕೈ ಹಿಡಿದು ನಡುಮನೆಗೆ ಕರೆದೊಯ್ದರು. ನಮ್ಮಲ್ಲಿ ಉಸಿರು ಹೋದ ಜಾಗದಲ್ಲಿ ದೀಪ ಹಚ್ಚಿ, ನೆಲಕ್ಕೆ ಹಿಟ್ಟು ಹರಡಿ ಅದರ ಮೇಲೆ ಬಿದಿರಿನ ಬುಟ್ಟಿ, ಅಂದರೆ ಮಂಕರಿ, ಕವುಚಿ ಮುಚ್ಚುತ್ತಾರೆ. ಬೆಳಿಗ್ಗೆ ಮಂಕರಿ ತೆಗೆದರೆ ಹಿಟ್ಟಿನ ಮೇಲೆ ಸತ್ತವರು ಬಂದುಹೋದ ಗುರುತು ಮೂಡಿರುತ್ತದೆ ಎಂಬ ನಂಬಿಕೆ.

"ಏನೂ ಮೂಡಿರ್ನಿಲ್ಲ ಕಣವ್ವ. ಎಲ್ಡ್ ದಿನ ಎದ್ದು ನೋಡ್ದೆ, ಇಟ್ಟು ಅಂಗಂಗೇ ಇತ್ತು. ಮನೇಲೇ ಇಲ್ವಲ್ಲ, ಎಲ್ಗೋದ್ರಪ್ಪ ಈ ಯಪ್ಪ ಅಂತ ಅಳ್ತಾ ಕುಂತಿದ್ದೆ. ನಿನ್ ಬೆಲ್ಟಿನ್ ಮಾತು ಬಂತು ನೋಡು... ಆವತ್ತು ಅಳು ನಿಂತೋಯ್ತು."

ನಾನು ಸೆನ್ಸರಿನ ಕಥೆ ಎತ್ತಲಿಲ್ಲ. ಅಷ್ಟು ನೆಮ್ಮದಿಯನ್ನು ಅವರಿಂದ ಕಿತ್ತುಕೊಳ್ಳಲು ನನಗೆ ಮನಸ್ಸು ಬರಲಿಲ್ಲ.

ಈಗಲೂ ಅತ್ತೆ ಬೀದಿಯವರಿಗೆಲ್ಲ ಇದನ್ನು ಹೇಳುತ್ತಾರೆ, ಕೇಳಿದವರು ನನ್ನನ್ನು ಪುಣ್ಯವಂತೆ ಎನ್ನುತ್ತಾರೆ. ನನಗೆ ಸಿಟ್ಟು ಬರುತ್ತದೆ. ಮಾವ ನನ್ನ ಜೊತೆ ಬಂದಿದ್ದರೆ ಆ ದಾರಿಯನ್ನೆಲ್ಲ ಕಣ್ಣಾರೆ ನೋಡಿಬಿಟ್ಟಿದ್ದಾರೆ, ನಾನು ಹೇಳುವುದು ಏನೂ ಉಳಿದಿಲ್ಲ. ಬಂದಿರದಿದ್ದರೆ, ಏನೂ ಕೇಳದೆಯೇ ಹೊರಟುಹೋದರು. ಎರಡರಲ್ಲಿ ಯಾವುದು ನಿಜವಾದರೂ, ಅವರ ಮಂಚದ ಪಕ್ಕ ಕುಳಿತು ಹೇಳುವ ಸುಖ ನನಗೆ ದಕ್ಕಲಿಲ್ಲ.